ಹಳೆಯ ಕಾರಿಗೆ ಬೇರೆ ಎಂಜಿನ್ನಿನ ಕಾಯಿಲ್ ಪ್ಯಾಕ್: ಯಾವ ದಾರಿ ಯಾರಿಗೆ ಸರಿ

ಹಳೆಯ ಕಾರಿನ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿ ಹಂಚುವ ಭಾಗ) ತೆಗೆದು ಬೇರೆ ಎಂಜಿನ್ನಿನ ಕಾಯಿಲ್ ಪ್ಯಾಕ್ (ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗಳ ಗುಂಪು) ಕೂರಿಸಬೇಕೆಂದು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಕಾರಿನ ಕಾಯಿಲ್ ಒಳ್ಳೆಯದು? ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇಡೀ ಕೆಲಸದಲ್ಲಿ ಸುಲಭವಾಗಿ ಸಿಗುವ, ಸುಲಭವಾಗಿ ಬದಲಾಯಿಸಬಹುದಾದ ಭಾಗ ಕಾಯಿಲ್. ಕ್ರ್ಯಾಂಕ್ ಎಲ್ಲಿದೆ ಎಂದು ಯಾವುದು ನೋಡುತ್ತದೆ, ಕಿಡಿ ಯಾವಾಗ ಹಾರಬೇಕೆಂದು ಯಾವುದು ಲೆಕ್ಕ ಹಾಕುತ್ತದೆ, ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟ್ ಹರಿಯಬೇಕೆಂದು ಯಾವುದು ತೀರ್ಮಾನಿಸುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳಿ. ಆಮೇಲೆ ಕಾಯಿಲ್ ಯಾವುದೆಂದು ತಾನಾಗಿಯೇ ಗೊತ್ತಾಗುತ್ತದೆ.

ಪಾಯಿಂಟ್ (ಕಾಯಿಲಿನ ಕರೆಂಟ್ ಹಾಯಿಸಿ ಕಡಿಯುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಈ ಮೂರೂ ಕೆಲಸಗಳನ್ನು ಒಂದೇ ಶಾಫ್ಟಿನ ಮೇಲೆ ಮಾಡಿ ಮುಗಿಸುತ್ತದೆ. ಕ್ಯಾಮ್ ಪಾಯಿಂಟ್ ತೆರೆದು ಮುಚ್ಚುತ್ತದೆ. ಸ್ಪ್ರಿಂಗ್ ಹಾಕಿದ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಅಡ್ವಾನ್ಸ್ ಕೊಡುತ್ತವೆ, ಅಂದರೆ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುತ್ತವೆ. ವ್ಯಾಕ್ಯೂಮ್ ಡಬ್ಬಿ ಎಂಜಿನ್ ಮೇಲಿನ ಭಾರ ನೋಡಿ ಇನ್ನಷ್ಟು ಸೇರಿಸುತ್ತದೆ. ರೋಟರ್ ಸರಿಯಾದ ಸಿಲಿಂಡರಿಗೆ ಕಿಡಿ ಹಂಚುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಹೊತ್ತಿಗೆ ಕ್ಯಾಡಿಲ್ಯಾಕ್ ಕಾರುಗಳಿಗೆ ಬಂತು. ಅದೇ ತತ್ವ ಮುಂದಿನ ಆರೇಳು ದಶಕ ಪ್ರಪಂಚದ ಬಹುಪಾಲು ಕಾರುಗಳನ್ನು ಓಡಿಸಿತು. ಅದನ್ನು ಕಿತ್ತು ಪಕ್ಕಕ್ಕಿಡುವಾಗ, ಅದು ಸದ್ದಿಲ್ಲದೆ ಮಾಡುತ್ತಿದ್ದ ಪ್ರತಿ ಕೆಲಸಕ್ಕೂ ಬೇರೆ ವ್ಯವಸ್ಥೆ ಬೇಕು. ಆ ವ್ಯವಸ್ಥೆಯನ್ನು ಯಾವ ಭಾಗ ನೋಡಿಕೊಳ್ಳುತ್ತದೆ ಎಂಬುದರಲ್ಲೇ ಮುಂದೆ ಹೇಳುವ ದಾರಿಗಳ ವ್ಯತ್ಯಾಸ ಇರುವುದು.

ಮೊದಲು ಡಿಸ್ಟ್ರಿಬ್ಯೂಟರನ್ನೇ ನೋಡಿ

ಕ್ಯಾಪ್ ಬಿಚ್ಚಿ, ರೋಟರ್ ತೆಗೆದು, ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಿ. ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು ಇರುತ್ತದೆ. ಬುಷ್ ಸವೆದು ಶಾಫ್ಟ್ 0.1 ಮಿ.ಮೀ. ಅಲುಗಿದರೂ ಗ್ಯಾಪಿನ ಕಾಲು ಭಾಗ ಲೆಕ್ಕಕ್ಕೆ ಸಿಗದೆ ಹೋಯಿತು. ಒಂದನೇ ಸಿಲಿಂಡರಿಗೆ ಒಂದು ಟೈಮಿಂಗ್, ಮೂರನೆಯದಕ್ಕೆ ಇನ್ನೊಂದು ಎಂಬಂತಾಗುವುದು ಇಲ್ಲೇ. ಕಿಡಿ ಹಾರಿದಾಗಲೆಲ್ಲ ಮಿಂಚುವ ಸ್ಟ್ರೋಬ್ ಲೈಟ್ ಹಿಡಿದರೆ ಪುಲಿಯ ಗುರುತು ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ನಡುಗುತ್ತಿರುತ್ತದೆ. ಇನ್ನೊಂದು ಪರೀಕ್ಷೆ: ರೋಟರ್ ಕೂರಿಸಿ, ಅದು ತಿರುಗುವ ದಿಕ್ಕಿಗೇ ಸ್ವಲ್ಪ ತಿರುಚಿ ಬಿಡಿ. ಸ್ಪ್ರಿಂಗಿನ ಎಳೆತಕ್ಕೆ ಅದು ಚಟ್ಟನೆ ವಾಪಸ್ ಬರಬೇಕು. ಬರದಿದ್ದರೆ ಒಳಗೆ ತೂಕಗಳು ತುಕ್ಕು ಹಿಡಿದು ಕೂತಿವೆ.

ಎರಡೂ ಪರೀಕ್ಷೆಯಲ್ಲಿ ಪಾಸಾಗಿ, ಕಾರ್ಬುರೇಟರ್ ಕಂಪನಿಯದೇ ಇದ್ದು, ಎಂಜಿನ್ನಿನ ಒಳಗೆ ಏನೂ ಬದಲಾಯಿಸದೆ ಇದ್ದರೆ ಕಾಯಿಲ್ ಪ್ಯಾಕಿನ ಕೆಲಸಕ್ಕೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ. ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಪಿಕಪ್ ಹಾಕಿ. ಪರ್ಟ್ರಾನಿಕ್ಸ್, ಲ್ಯೂಮೆನಿಷನ್ ತರಹದವು ಹಳೆಯ ಡಿಸ್ಟ್ರಿಬ್ಯೂಟರಿನ ಒಳಗೇ ಕೂರುತ್ತವೆ, ಹೊರಗಿನಿಂದ ಕಾರು ಇದ್ದ ಹಾಗೇ ಕಾಣುತ್ತದೆ. ಡಿಸ್ಟ್ರಿಬ್ಯೂಟರ್ ಸವೆದಿದೆ, ಆದರೆ ಕಾರಿನ ಮೂಲ ರೂಪ ಕೆಡಬಾರದು ಎನ್ನುವವರಿಗೆ 123 ಇಗ್ನಿಷನ್ ತರಹದ ಪ್ರೋಗ್ರಾಂ ಮಾಡಬಹುದಾದ ಡಿಸ್ಟ್ರಿಬ್ಯೂಟರ್ ಇದೆ. ತೂಕ, ಸ್ಪ್ರಿಂಗ್ ಎರಡೂ ಇಲ್ಲ, ಅಡ್ವಾನ್ಸ್ ಲೆಕ್ಕವೆಲ್ಲ ಒಳಗಿನ ಎಲೆಕ್ಟ್ರಾನಿಕ್ಸಿನಲ್ಲಿ. ಇದನ್ನು ಕಡಿಮೆ ದರ್ಜೆಯ ಆಯ್ಕೆ ಎಂದುಕೊಳ್ಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ಓಡುವ ನಾಲ್ಕು ಸಿಲಿಂಡರಿನ ಬಹಳಷ್ಟು ಕಾರುಗಳಿಗೆ ಇಷ್ಟು ಸಾಕು. ಇಲ್ಲಿ ಉಳಿಯುವ ಮಿತಿಗಳು ಎರಡು: ಕ್ಯಾಪ್, ರೋಟರ್ ಸವೆಯುತ್ತಲೇ ಇರುತ್ತವೆ, ಮತ್ತು ಎಲ್ಲ ಸಿಲಿಂಡರಿಗೂ ಒಂದೇ ಕಾಯಿಲ್ ದುಡಿಯಬೇಕು.

ಈ ಎರಡನೆಯದರ ಲೆಕ್ಕ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ ಕೇಳುತ್ತದೆ. ಅಂದರೆ ಒಂದು ಕಿಡಿಯಿಂದ ಇನ್ನೊಂದಕ್ಕೆ 5 ಮಿಲಿಸೆಕೆಂಡ್. ಪಾಯಿಂಟ್ ಮುಚ್ಚಿರುವುದು ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಹಳೆಯ ಡಬ್ಬಿ ಕಾಯಿಲ್ ಪೂರ್ತಿ ತುಂಬಿಕೊಳ್ಳಲು ಅದು ಸಾಲದು, ಕಿಡಿ ಸೊರಗುತ್ತದೆ. ವಿ8 ಎಂಜಿನ್ನಿನಲ್ಲಿ ಅದೇ ವೇಗಕ್ಕೆ ಸಿಗುವುದು ಇದರ ಅರ್ಧ. ಎರಡು ಸಿಲಿಂಡರಿಗೆ ಒಂದು ಕಾಯಿಲ್ ಆದರೆ, ಎಷ್ಟೇ ಸಿಲಿಂಡರ್ ಇದ್ದರೂ ಪ್ರತಿ ಕಾಯಿಲ್‌ಗೆ 10 ಮಿಲಿಸೆಕೆಂಡ್ ಸಿಗುತ್ತದೆ. ಒಂದು ಸಿಲಿಂಡರಿಗೆ ಒಂದಾದರೆ 20. ಕಾಯಿಲ್ ಪ್ಯಾಕಿನ ನಿಜವಾದ ಲಾಭ ಇದು. ಹೆಚ್ಚು ತಿರುಗುವ ಎಂಜಿನ್, ಹೆಚ್ಚು ಕಂಪ್ರೆಷನ್, ಟರ್ಬೊ ಅಥವಾ ಸೂಪರ್‌ಚಾರ್ಜರ್, ಬದಲಾಯಿಸಿದ ಕ್ಯಾಮ್‌ಶಾಫ್ಟ್: ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದೆ ಓದಿ. ಜೋತಾಡುವ ಡಿಸ್ಟ್ರಿಬ್ಯೂಟರಿಗೆ ಬಿಡಿಭಾಗವೇ ಸಿಗದ ಅಪರೂಪದ ಎಂಜಿನ್ ನಿಮ್ಮದಾಗಿದ್ದರೂ ಅಷ್ಟೇ.

ಜೋಡಿ ಕಿಡಿಯ ಪ್ಯಾಕ್

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4ನೇ ಪಿಸ್ಟನ್ ಒಟ್ಟಿಗೇ ಮೇಲೆ ಬರುತ್ತವೆ, 2 ಮತ್ತು 3 ಒಟ್ಟಿಗೇ. ಒಂದು ಕಂಪ್ರೆಷನ್ ಮುಗಿಸುತ್ತಿದ್ದರೆ ಅದರ ಜೋಡಿ ಎಗ್ಸಾಸ್ಟ್ ಮುಗಿಸುತ್ತಿರುತ್ತದೆ. ಒಂದೇ ಕಾಯಿಲಿನ ಎರಡು ತುದಿಗಳನ್ನು ಈ ಎರಡು ಪ್ಲಗ್ಗಿಗೆ ಕೊಟ್ಟರೆ ಎರಡರಲ್ಲೂ ಒಮ್ಮೆಗೇ ಕಿಡಿ ಹಾರುತ್ತದೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ವ್ಯರ್ಥ. ವ್ಯರ್ಥವಾದದ್ದಕ್ಕೆ ಹೆಚ್ಚು ಶಕ್ತಿ ಹೋಗುವುದಿಲ್ಲ. ಒತ್ತಡ ಕಡಿಮೆ ಇರುವ ಕಡೆ ಗ್ಯಾಪ್ ದಾಟಲು ಸ್ವಲ್ಪ ವೋಲ್ಟೇಜ್ ಸಾಕು. ಕ್ಯಾಮ್ ಯಾವ ಸುತ್ತಿನಲ್ಲಿದೆ ಎಂದು ತಿಳಿಯುವ ಅಗತ್ಯವೇ ಇಲ್ಲ, ಕ್ರ್ಯಾಂಕ್ ಒಂದನ್ನೇ ನೋಡಿದರೆ ಆಯಿತು. ಹಳೆಯ ಎಂಜಿನ್ನಿಗೆ ಇದು ಇಷ್ಟು ಚೆನ್ನಾಗಿ ಹೊಂದುವುದು ಈ ಕಾರಣಕ್ಕೆ.

ಇದು ಕಂಪ್ಯೂಟರ್ ಕಾಲದ ಉಪಾಯವೂ ಅಲ್ಲ. 1948ರಲ್ಲಿ ಬಂದ ಸಿಟ್ರೊಯೆನ್ 2ಸಿವಿ ಕಾರಿಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಇರಲಿಲ್ಲ. ಎರಡು ತುದಿಯ ಒಂದೇ ಕಾಯಿಲ್ ಅದರ ಎರಡೂ ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುತ್ತಿತ್ತು. ಹಳೆಯ ಕಾರಿಗೆ ಜೋಡಿ ಕಿಡಿ ಅಪಚಾರ ಎನ್ನುವವರಿಗೆ ಈ ಕಾರನ್ನು ನೆನಪಿಸಬೇಕು.

ಇನ್‌ಲೈನ್ ಆರಕ್ಕೆ 1–6, 2–5, 3–4 ಜೋಡಿ. ವಿ8ಗಳಲ್ಲಿ ಫೈರಿಂಗ್ ಆರ್ಡರಿನ (ಸಿಲಿಂಡರುಗಳಿಗೆ ಕಿಡಿ ಬರುವ ಸರದಿ) ಮೊದಲ ಅರ್ಧ ಬರೆದುಕೊಂಡು, ಅದರ ಕೆಳಗೇ ಎರಡನೇ ಅರ್ಧವನ್ನು ಅದೇ ಕ್ರಮದಲ್ಲಿ ಬರೆದರೆ ಒಂದರ ಕೆಳಗೊಂದು ಬರುವವೇ ಜೋಡಿಗಳು. ಮೂರು, ಐದು ಸಿಲಿಂಡರಿನ ಎಂಜಿನ್‌ಗಳಲ್ಲಿ ಒಟ್ಟಿಗೆ ಏರುವ ಜೋಡಿ ಇಲ್ಲ, ಹಾಗಾಗಿ ಅವಕ್ಕೆ ಈ ಪ್ಯಾಕ್ ಆಗದು.

ಒಂದು ಸಣ್ಣ ಕೊರತೆ ಇದೆ. ಜೋಡಿಯ ಒಂದು ಪ್ಲಗ್ಗಿನಲ್ಲಿ ಕಿಡಿ ನಡುವಿನ ಎಲೆಕ್ಟ್ರೋಡಿನಿಂದ ಹೊರಗಿನದಕ್ಕೆ ಹಾರಿದರೆ, ಇನ್ನೊಂದರಲ್ಲಿ ಹೊರಗಿನದರಿಂದ ನಡುವಿಗೆ ಹಾರುತ್ತದೆ. ಎರಡೂ ಪ್ಲಗ್ ಬೇರೆ ಬೇರೆ ರೀತಿ ಸವೆಯುತ್ತವೆ. ಕಾರ್ಖಾನೆಯವರು ಇದಕ್ಕೇ ಎರಡೂ ಎಲೆಕ್ಟ್ರೋಡಿಗೆ ಪ್ಲಾಟಿನಂ ಇರುವ ಪ್ಲಗ್ ಹಾಕುತ್ತಿದ್ದರು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಮಾಮೂಲಿ ಪ್ಲಗ್ ಸಾಕು, ಸರ್ವಿಸಿನಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ.

ಫೋರ್ಡಿನ ಎಡಿಸ್: ಎಲ್ಲವೂ ಒಂದೇ ಮನೆಯದು

1980ರ ದಶಕದ ಕೊನೆ ಮತ್ತು 90ರ ದಶಕದ ಫೋರ್ಡ್‌ಗಳಲ್ಲಿ ಬಂದ ಎಡಿಸ್ (ಡಿಸ್ಟ್ರಿಬ್ಯೂಟರ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ವ್ಯವಸ್ಥೆ ಹಳೆಯ ಕಾರಿನವರಿಗೆ ಒಂದು ವರದಾನ. ನಾಲ್ಕು, ಆರು, ಎಂಟು ಸಿಲಿಂಡರಿಗೆ ಬೇರೆ ಬೇರೆ ಮಾಡ್ಯೂಲ್ ಇವೆ. 36 ಹಲ್ಲುಗಳ ಜಾಗದಲ್ಲಿ ಒಂದು ಹಲ್ಲು ಬಿಟ್ಟ ಚಕ್ರ, ಅದರ ಎದುರಿಗೆ ಒಂದು ಮ್ಯಾಗ್ನೆಟಿಕ್ ಸೆನ್ಸರ್, ಮಾಡ್ಯೂಲ್, ಜೋಡಿ ಕಿಡಿಯ ಪ್ಯಾಕ್. ನಾಲ್ಕೂ ಒಂದಕ್ಕೊಂದು ಹೇಳಿ ಮಾಡಿಸಿದವು.

ಇದರಲ್ಲಿ ನನಗೆ ಬಹಳ ಇಷ್ಟವಾಗುವುದು ಎರಡು ಸಂಗತಿ. ಮೊದಲನೆಯದು, ಡ್ವೆಲ್ ಚಿಂತೆ ನಿಮ್ಮದಲ್ಲ. ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟ್ ಕೊಡಬೇಕೆಂಬುದನ್ನು ಮಾಡ್ಯೂಲೇ ನೋಡಿಕೊಳ್ಳುತ್ತದೆ. ಎರಡನೆಯದು, ಅಡ್ವಾನ್ಸ್ ಹೇಳುವ ಕಂಪ್ಯೂಟರ್ ಕೆಟ್ಟುಹೋದರೂ ಎಂಜಿನ್ ನಿಲ್ಲುವುದಿಲ್ಲ. ಸಿಗ್ನಲ್ ಬರದೆ ಹೋದರೆ ಮಾಡ್ಯೂಲ್ ತಾನೇ 10 ಡಿಗ್ರಿ ಅಡ್ವಾನ್ಸಿಗೆ ಕಿಡಿ ಕೊಡುತ್ತಾ ಹೋಗುತ್ತದೆ. ಎಂಜಿನ್ ಮಂಕಾಗುತ್ತದೆ, ಬಿಸಿಯೂ ಆಗಬಹುದು, ಆದರೆ ನಿಧಾನಕ್ಕೆ ಮನೆ ಸೇರಬಹುದು. ರಾತ್ರಿ ಹೆದ್ದಾರಿಯಲ್ಲಿ ನಿಂತುಹೋಗುವುದಕ್ಕೂ ಇದಕ್ಕೂ ಅಜಗಜಾಂತರ.

ಮಾಡ್ಯೂಲಿಗೆ ಅಡ್ವಾನ್ಸ್ ಹೇಳುವ ಭಾಷೆಯೂ ಸರಳ. ಅದು ಕಾಯುವುದು ಒಂದು ಪಲ್ಸಿಗೆ. ಪಲ್ಸಿನ ಉದ್ದ 1536 ಮೈಕ್ರೋಸೆಕೆಂಡಿನಿಂದ ಡಿಗ್ರಿಗೆ 25.6ರಂತೆ ಕಳೆದಷ್ಟು. 10 ಡಿಗ್ರಿಗೆ 1280, 30 ಡಿಗ್ರಿಗೆ 768. ಮೆಗಾಜೋಲ್ಟ್ ಎಂಬ ಪುಟ್ಟ ಪೆಟ್ಟಿಗೆ ಮಾಡುವ ಮುಖ್ಯ ಕೆಲಸ ಇದೇ: ವೇಗ ಮತ್ತು ಭಾರ ನೋಡಿ, ಕೋಷ್ಟಕದಲ್ಲಿ ಅಡ್ವಾನ್ಸ್ ಹುಡುಕಿ, ಪಲ್ಸ್ ಕಳಿಸುವುದು. ಮೆಗಾಸ್ಕ್ವರ್ಟ್ ಎಂಬ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂಡ ಇದನ್ನು ಮಾಡಬಲ್ಲದು.

ಚಕ್ರ ಕೂರಿಸುವಾಗ ಒಂದು ಅಳತೆ ತಪ್ಪಬಾರದು. ಬಿಟ್ಟ ಹಲ್ಲು ಸೆನ್ಸರಿನ ಎದುರು ಬರುವಾಗ ಒಂದನೇ ಪಿಸ್ಟನ್ ಟಾಪ್ ಡೆಡ್ ಸೆಂಟರಿಗೆ (ಪಿಸ್ಟನ್ ಏರುವ ತುತ್ತತುದಿ) ನಾಲ್ಕು ಸಿಲಿಂಡರಿನಲ್ಲಿ 90 ಡಿಗ್ರಿ, ಆರರಲ್ಲಿ 60 ಡಿಗ್ರಿ, ಎಂಟರಲ್ಲಿ 50 ಡಿಗ್ರಿ ಹಿಂದೆ ಇರಬೇಕು. ಪ್ರತಿ ಹಲ್ಲಿಗೂ 10 ಡಿಗ್ರಿ, ಹಾಗಾಗಿ ಹಲ್ಲು ಎಣಿಸಿಕೊಂಡೇ ಕೂರಿಸಬಹುದು.

ಎಡಿಸಿನ ದೌರ್ಬಲ್ಯ ಅದರ ವಯಸ್ಸು. ಮಾಡ್ಯೂಲ್‌ಗಳು ಈಗ ತಾವೇ ಮೂವತ್ತು ದಾಟಿವೆ. ಹಳೆಯ ಕಾರಿನಿಂದ ಬಿಚ್ಚುವಾಗ ಮಾಡ್ಯೂಲ್ ಎರಡು ತೆಗೆದುಕೊಳ್ಳಿ, ಕನೆಕ್ಟರುಗಳನ್ನು ಒಂದು ಅಡಿ ವೈರ್ ಸಮೇತ ಕತ್ತರಿಸಿಕೊಳ್ಳಿ. ಕನೆಕ್ಟರ್ ಹುಡುಕುವುದು ಮಾಡ್ಯೂಲ್ ಹುಡುಕುವುದಕ್ಕಿಂತ ಕಷ್ಟ. ಇನ್ನೊಂದು ಮಿತಿ: ಮುಂದೆ ಇಂಜೆಕ್ಷನ್ ಹಾಕುವ ಯೋಚನೆ ಇದ್ದರೆ ಈ ಮಾಡ್ಯೂಲ್ ನಡುವೆ ಒಂದು ಹೆಚ್ಚಿನ ಕೊಂಡಿಯಾಗಿ ಉಳಿಯುತ್ತದೆ.

ಬರೀ ಕಾಯಿಲ್ ಪ್ಯಾಕ್, ಮಿಕ್ಕಿದ್ದೆಲ್ಲ ಇಸಿಯು

ಎರಡನೇ ದಾರಿಯಲ್ಲಿ ಮಾಡ್ಯೂಲ್ ಇಲ್ಲ. ಯಾವುದೋ ಎಂಜಿನ್ನಿನ ಜೋಡಿ ಕಿಡಿಯ ಪ್ಯಾಕ್ ತೆಗೆದುಕೊಂಡು, ಮೆಗಾಸ್ಕ್ವರ್ಟ್, ಸ್ಪೀಡ್ವಿನೊ ತರಹದ ಇಸಿಯುವಿನಿಂದ, ನಡುವೆ ಇಗ್ನೈಟರ್ (ಕಾಯಿಲಿನ ಕರೆಂಟ್ ಹಾಯಿಸಿ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ ನೇರ ಓಡಿಸುವುದು. ಕಾಯಿಲ್ ಆಯ್ಕೆ ಇಲ್ಲಿ ವಿಶಾಲ. ನಾಲ್ಕು ಸಿಲಿಂಡರಿನ ಪ್ಯಾಕಿನಲ್ಲಿ ಮೂರೇ ಪಿನ್ ಇದ್ದರೆ ಸಾಮಾನ್ಯವಾಗಿ ಅದು ಬರೀ ಕಾಯಿಲ್: ಒಂದು 12 ವೋಲ್ಟ್, ಮಿಕ್ಕ ಎರಡು ಎರಡು ಕಾಯಿಲ್‌ಗಳ ನೆಗೆಟಿವ್. ಪಿನ್ ಹೆಚ್ಚಿದ್ದರೆ ಒಳಗೆ ಇಗ್ನೈಟರ್ ಇರುವ ಸಾಧ್ಯತೆ ಇದೆ. ಯಾವ ಎರಡು ತುದಿ ಜೋಡಿ ಎಂದು ಪ್ಯಾಕಿನ ಮೇಲಿನ ಅಂಕಿ ನಂಬದೆ ಮೀಟರಿನಲ್ಲಿ ನೋಡಿ. ಒಂದೇ ಕಾಯಿಲಿನ ಎರಡು ತುದಿಗಳ ನಡುವೆ ಸಾವಿರಾರು ಓಮ್ ತೋರಿಸುತ್ತದೆ, ಬೇರೆ ಬೇರೆ ಕಾಯಿಲಿನವಾದರೆ ಏನೂ ತೋರಿಸುವುದಿಲ್ಲ.

ಈ ದಾರಿಯಲ್ಲಿ ಕಾಯಿಲ್ ಸುಡುವುದು ಬಹಳ ಸುಲಭ. ಹಳೆಯ ಡಬ್ಬಿ ಕಾಯಿಲಿನ ಪ್ರೈಮರಿ (ಬ್ಯಾಟರಿಯ ಕರೆಂಟ್ ಹರಿಯುವ ಸುರುಳಿ) ಸುಮಾರು 3 ಓಮ್. ಇಗ್ನಿಷನ್ ಆನ್ ಮಾಡಿ ಮರೆತರೂ ಅದರಲ್ಲಿ 4 ಆಂಪಿಯರಿಗಿಂತ ಹೆಚ್ಚು ಹರಿಯದು, ಬಿಸಿಯಾಗಿ ಕೂತಿರುತ್ತದೆ. ಕಾಯಿಲ್ ಪ್ಯಾಕಿನ ಪ್ರೈಮರಿ ಅರ್ಧ ಓಮ್ ಆಸುಪಾಸು. ಅದನ್ನು ಹಾಗೇ ಬಿಟ್ಟರೆ ಲೆಕ್ಕದ ಪ್ರಕಾರ 24 ಆಂಪಿಯರ್! ಕೆಲವೇ ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳುವಂತೆ ಮಾಡಿದ ಕಾಯಿಲ್ ಅದು. ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದೆಲ್ಲ ಶಾಖವಾಗಿ ಹೋಗುತ್ತದೆ. ಪಾಯಿಂಟಿಗೆ ನೇರವಾಗಿ ಆಧುನಿಕ ಕಾಯಿಲ್ ಪ್ಯಾಕ್ ಕಟ್ಟಬಾರದು ಎನ್ನುವುದು ಇದಕ್ಕೇ.

ಹಾಗಾಗಿ ಡ್ವೆಲ್ ಎಷ್ಟೆಂದು ಆ ಕಾಯಿಲಿನ ಮಾಹಿತಿಯಿಂದಲೇ ತಿಳಿದುಕೊಳ್ಳಬೇಕು. ಸಿಗದಿದ್ದರೆ 2 ಮಿಲಿಸೆಕೆಂಡಿನಿಂದ ಶುರುಮಾಡಿ, ಕಿಡಿ ತಪ್ಪದಷ್ಟು ಮಾತ್ರ ಏರಿಸಿ. ಬ್ಯಾಟರಿ ವೋಲ್ಟೇಜಿಗೆ ತಕ್ಕ ತಿದ್ದುಪಡಿಯೂ ಬೇಕು: ಸ್ಟಾರ್ಟರ್ ತಿರುಗುವಾಗ 9–10 ವೋಲ್ಟಿಗೆ ಇಳಿದಿರುತ್ತದೆ, ಆಗ ತುಂಬಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇನ್ನು ಇಸಿಯುವಿನಲ್ಲಿ ಇಗ್ನಿಷನ್ ಔಟ್‌ಪುಟ್ ಉಲ್ಟಾ ಇಡುವ ಒಂದು ಆಯ್ಕೆ ಇರುತ್ತದೆ. ಅದು ತಪ್ಪಿದರೆ ಕಾಯಿಲ್ ಖಾಲಿ ಇರಬೇಕಾದ ಹೊತ್ತೆಲ್ಲ ತುಂಬುತ್ತಿರುತ್ತದೆ. ಕಾಯಿಲ್ ಕನೆಕ್ಟರ್ ಬಿಚ್ಚಿಟ್ಟೇ ಇಸಿಯುವಿಗೆ ಮೊದಲು ಪವರ್ ಕೊಡಿ, ಔಟ್‌ಪುಟ್ ಯಾವ ಸ್ಥಿತಿಯಲ್ಲಿದೆ ಎಂದು ಮೀಟರಿನಲ್ಲಿ ನೋಡಿ, ಆಮೇಲೆ ಕನೆಕ್ಟರ್ ಹಾಕಿ. ಹಾಕಿದ ಮೇಲೂ ಒಂದು ನಿಮಿಷ ಕಾಯಿಲಿನ ಮೇಲೆ ಕೈ ಇಟ್ಟು ನೋಡಿ. ಎಂಜಿನ್ ತಿರುಗದೆ ಇದ್ದಾಗ ಅದು ತಣ್ಣಗಿರಬೇಕು.

ಇಂಜೆಕ್ಷನ್ ಕಡೆಗೂ ಹೋಗಬೇಕೆನ್ನುವವರಿಗೆ, ಲ್ಯಾಪ್‌ಟಾಪ್ ಹಿಡಿದು ಕೂರುವ ತಾಳ್ಮೆ ಇರುವವರಿಗೆ ಇದು ಸರಿಯಾದ ದಾರಿ. ಬರೀ ಕಿಡಿ ಸುಧಾರಿಸಬೇಕೆನ್ನುವವರಿಗೆ ಅಗತ್ಯಕ್ಕಿಂತ ಹೆಚ್ಚು.

ಸಿಲಿಂಡರಿಗೊಂದು ಕಾಯಿಲ್

ಇಗ್ನೈಟರ್ ಒಳಗೇ ಇರುವ ಕಾಯಿಲ್‌ಗಳು ಬಂದ ಮೇಲೆ ಈ ದಾರಿ ಸುಲಭವಾಯಿತು. ಇಸಿಯು 5 ವೋಲ್ಟಿನ ಸಣ್ಣ ಸಿಗ್ನಲ್ ಕೊಟ್ಟರೆ ಸಾಕು. ಜನರಲ್ ಮೋಟಾರ್ಸಿನ ಎಲ್‌ಎಸ್ ವಿ8 ಎಂಜಿನ್‌ಗಳ ಕಾಯಿಲ್ ಮತ್ತು ಫೋಕ್ಸ್‌ವ್ಯಾಗನ್–ಆಡಿಯ 1.8 ಟರ್ಬೊ ಕಾಯಿಲ್ ಈ ಜಾತಿಯವು. ಎರಡರ ನಡುವೆ ಹಳೆಯ ಕಾರಿನ ಮಟ್ಟಿಗೆ ದೊಡ್ಡ ವ್ಯತ್ಯಾಸವಿದೆ. ಫೋಕ್ಸ್‌ವ್ಯಾಗನ್ ಕಾಯಿಲ್ ಪ್ಲಗ್ಗಿನ ನೆತ್ತಿಯ ಮೇಲೆ ನೇರ ಕೂರುವ ಕಡ್ಡಿ. ಎರಡು ಕ್ಯಾಮ್‌ಗಳ ನಡುವಿನ ಆಳದ ಬಾವಿಯಲ್ಲಿ ನಿಲ್ಲಲೆಂದು ಮಾಡಿದ್ದು. ಹಳೆಯ ಪುಶ್‌ರಾಡ್ ಎಂಜಿನ್ನಿನಲ್ಲಿ ಪ್ಲಗ್ ಪಕ್ಕಕ್ಕೆ ಬಾಗಿ, ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಬಳಿ ತೆರೆದುಕೊಂಡಿರುತ್ತದೆ. ಅಲ್ಲಿ ಈ ಕಡ್ಡಿ ಆಸರೆ ಇಲ್ಲದೆ ನಡುಗುತ್ತದೆ, ಶಾಖಕ್ಕೆ ಬೇಯುತ್ತದೆ. ಪ್ಲಗ್ ಮೇಲಿನಿಂದ ಇಳಿಯುವ ಟ್ವಿನ್ ಕ್ಯಾಮ್ ಹೆಡ್ ನಿಮ್ಮದಾಗಿದ್ದರೆ ಮಾತ್ರ ಅದನ್ನು ಯೋಚಿಸಿ. ಎಲ್‌ಎಸ್ ಕಾಯಿಲ್ ದೂರದಲ್ಲಿ ಬ್ರ್ಯಾಕೆಟ್ ಮೇಲೆ ಕೂತು ಗಿಡ್ಡ ಲೀಡಿನಲ್ಲಿ ಕಿಡಿ ಕಳಿಸುತ್ತದೆ. ಹಳೆಯ ಕಾರಿನ ಬಾನೆಟ್ಟಿನ ಕೆಳಗೆ ಕೂರಿಸಲು ಅದೇ ಒಳ್ಳೆಯದು.

ಪೂರ್ತಿ ಸೀಕ್ವೆನ್ಷಿಯಲ್ (ಪ್ರತಿ ಸಿಲಿಂಡರಿಗೂ ಅದರ ಸರದಿಯಲ್ಲಿ ಮಾತ್ರ ಕಿಡಿ) ಬೇಕಾದರೆ ಕ್ಯಾಮ್ ಸ್ಥಾನವೂ ತಿಳಿಯಬೇಕು. ಹಳೆಯ ಡಿಸ್ಟ್ರಿಬ್ಯೂಟರಿನ ಒಳಭಾಗ ತೆಗೆದು, ಒಂದು ಹಾಲ್ ಸೆನ್ಸರ್ (ಅಯಸ್ಕಾಂತ ಕ್ಷೇತ್ರವನ್ನು ಗುರುತಿಸುವ ಎಲೆಕ್ಟ್ರಾನಿಕ್ ಸೆನ್ಸರ್) ಮತ್ತು ಒಂದೇ ಹಲ್ಲಿನ ಬಿಲ್ಲೆ ಇಟ್ಟರೆ ಅದು ಕ್ಯಾಮ್ ಸೆನ್ಸರ್ ಆಗುತ್ತದೆ. ಬೇಡವೆಂದರೆ ನಾಲ್ಕು ಕಾಯಿಲ್‌ಗಳನ್ನೂ ಜೋಡಿಯಾಗಿಯೇ ಹೊಡೆಸಬಹುದು, ಪ್ಲಗ್ ಉಲ್ಟಾ ಸವೆಯುವ ತೊಂದರೆ ಆಗಲೂ ತಪ್ಪುತ್ತದೆ. ಕಾರ್ಬುರೇಟರ್ ಇರುವ, ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿಗೆ ಇಷ್ಟೆಲ್ಲ ಮಾಡಿದರೂ ಜೋಡಿ ಕಿಡಿಯ ಪ್ಯಾಕಿಗಿಂತ ಹೆಚ್ಚೇನೂ ಸಿಗುವುದಿಲ್ಲ. ಹೆಚ್ಚು ಬೂಸ್ಟ್ ಇರುವ ಎಂಜಿನ್ನಿಗೆ, ಮೂರು ಅಥವಾ ಐದು ಸಿಲಿಂಡರಿನವಕ್ಕೆ ಇದೇ ದಾರಿ.

ಜನರಲ್ ಮೋಟಾರ್ಸಿನ ಹಳೆಯ ಡಿಐಎಸ್ (ಡಿಸ್ಟ್ರಿಬ್ಯೂಟರ್ ಇಲ್ಲದ ಇಗ್ನಿಷನ್) ಮಾಡ್ಯೂಲ್‌ಗಳನ್ನೂ ಕೆಲವರು ಹುಡುಕುತ್ತಾರೆ. ಅವು ನೋಡುವುದು ಏಳು ಕಚ್ಚುಗಳ ಬಿಲ್ಲೆಯನ್ನು: ಆರು ಕಚ್ಚು 60 ಡಿಗ್ರಿಗೊಂದು, ಏಳನೆಯದು ಒಂದರ ಪಕ್ಕದಲ್ಲಿ 10 ಡಿಗ್ರಿ ಅಂತರಕ್ಕೆ. ಅಂಥ ಬಿಲ್ಲೆಯನ್ನು ನೀವೇ ಕಡಿಸಬೇಕಾಗುತ್ತದೆ. 36 ಹಲ್ಲಿನ ಚಕ್ರ ಸಿದ್ಧವಾಗಿ ಸಿಗುವಾಗ ಇದರ ಗೋಜು ಬೇಡ.

ಚಕ್ರ ಮತ್ತು ಸೆನ್ಸರ್: ಇಲ್ಲಿ ಉಳಿತಾಯ ಮಾಡಬೇಡಿ

ಯಾವ ದಾರಿ ಹಿಡಿದರೂ ಕೆಲಸದ ಗುಣಮಟ್ಟ ತೀರ್ಮಾನವಾಗುವುದು ಕ್ರ್ಯಾಂಕ್ ಪುಲಿಯ ಬಳಿ. ಸಿಗ್ನಲನ್ನು ಡಿಸ್ಟ್ರಿಬ್ಯೂಟರಿನಿಂದಲೇ ತೆಗೆದುಕೊಳ್ಳಬಹುದಲ್ಲ ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ಟೈಮಿಂಗ್ ಚೈನಿನ ಸಡಿಲ, ಡ್ರೈವ್ ಗೇರಿನ ಆಟ, ಬುಷ್ಷಿನ ಸವೆತ ಎಲ್ಲವೂ ಸಿಗ್ನಲಿನ ಜೊತೆಗೇ ಬರುತ್ತವೆ. ಯಾವ ರೋಗಕ್ಕೆ ಮದ್ದು ಹುಡುಕಿದೆವೋ ಅದೇ ಉಳಿದಂತೆ.

ಚಕ್ರ ಪುಲಿಯ ಹಿಂದೆಯೋ ಮುಂದೆಯೋ ಕೂರುತ್ತದೆ. ಪುಲಿಯಲ್ಲಿ ರಬ್ಬರ್ ನಡುವೆ ಇರುವ ಡ್ಯಾಂಪರ್ ಇದ್ದರೆ ಚಕ್ರವನ್ನು ಹೊರಗಿನ ಉಂಗುರಕ್ಕೆ ಕೂರಿಸಬೇಡಿ. ರಬ್ಬರ್ ಹಳತಾದಾಗ ಹೊರಗಿನ ಉಂಗುರ ನಿಧಾನವಾಗಿ ಜಾರುತ್ತದೆ, ಟೈಮಿಂಗೂ ಜೊತೆಗೆ ಜಾರುತ್ತದೆ. ಒಳಗಿನ ಹಬ್ಬಿಗೇ ಬೋಲ್ಟ್ ಮಾಡಿ. ವೆಲ್ಡಿಂಗ್ ಮಾಡುವುದಾದರೆ ಡ್ಯಾಂಪರ್ ಇಲ್ಲದ ಪುಲಿಗೆ ಮಾತ್ರ, ಅದೂ ನಾಲ್ಕು ಕಡೆ ಚುಕ್ಕೆ ಹಾಕಿ, ಲೇತಿನಲ್ಲಿ ತಿರುಗಿಸಿ ನೋಡಿ. ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದಾಗ ಚಕ್ರ ಏರಿಳಿಯುವುದು 0.2 ಮಿ.ಮೀ. ಒಳಗಿದ್ದರೆ ನೆಮ್ಮದಿ. ಗ್ಯಾಪ್ 0.75 ಮಿ.ಮೀ. ಇಡುವ ಜಾಗದಲ್ಲಿ ಚಕ್ರವೇ ಅರ್ಧ ಮಿ.ಮೀ. ಓಲಾಡಿದರೆ ಒಂದು ಕಡೆ ಸಿಗ್ನಲ್ ಜೋರು, ಇನ್ನೊಂದು ಕಡೆ ಕ್ಷೀಣ.

ಮ್ಯಾಗ್ನೆಟಿಕ್ ಸೆನ್ಸರಿಗೆ ಎರಡೇ ವೈರ್, ಹೊರಗಿನ ಪವರ್ ಬೇಡ. ಆದರೆ ಅದರ ವೋಲ್ಟೇಜ್ ವೇಗದ ಜೊತೆ ಏರುತ್ತದೆ. ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ಸಿಗ್ನಲ್ ಸಣ್ಣದು, ಹಾಗಾಗಿ ಗ್ಯಾಪ್ 1 ಮಿ.ಮೀ. ಮೀರಬಾರದು. ಚಕ್ರ ಉಕ್ಕಿನದೇ ಆಗಿರಬೇಕು, ಅಲ್ಯುಮಿನಿಯಂ ನಡೆಯದು. ಅದರ ವೈರ್ ಶೀಲ್ಡ್ ಇರುವುದಾಗಿರಲಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ, ಪ್ಲಗ್ ಲೀಡುಗಳಿಂದ ದೂರ ಎಳೆಯಿರಿ. ಹಾಲ್ ಸೆನ್ಸರಿಗೆ ಮೂರು ವೈರ್, ಪವರ್ ಬೇಕು, ಸಿಗ್ನಲ್ ಮಾತ್ರ ಎಲ್ಲ ವೇಗದಲ್ಲೂ ಒಂದೇ ಸಮ. ಎಡಿಸ್ ಮಾಡ್ಯೂಲ್ ಮ್ಯಾಗ್ನೆಟಿಕ್ ಸೆನ್ಸರನ್ನೇ ಕೇಳುತ್ತದೆ. ಬೇರೆ ಇಸಿಯು ಆದರೆ ನಾನು ಹಾಲ್ ಆರಿಸುತ್ತೇನೆ.

ಬ್ರ್ಯಾಕೆಟ್ ದಪ್ಪಗಿರಲಿ. ತೆಳು ತಗಡಿನ ಬ್ರ್ಯಾಕೆಟ್ ಯಾವುದೋ ಒಂದು ವೇಗದಲ್ಲಿ ಅದುರಲು ಶುರುವಾಗುತ್ತದೆ, ಸರಿಯಾಗಿ ಆ ವೇಗದಲ್ಲಿ ಎಂಜಿನ್ ಕಿಡಿ ತಪ್ಪುತ್ತದೆ. ಕಾರಣ ಹುಡುಕಲು ವಾರಗಟ್ಟಲೆ ಹೋಗುತ್ತದೆ.

ಭಾರವನ್ನು ಅಳೆಯುವುದು ಹೇಗೆ

ಒಂದೋ ಎರಡೋ ಕಾರ್ಬುರೇಟರ್ ಇರುವ ರಸ್ತೆ ಕಾರಿಗೆ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್. ಸಿಲಿಂಡರಿಗೊಂದು ಥ್ರಾಟಲ್ ಇರುವ ಜೋಡಿ ವೆಬರ್ ತರಹದ ಸೆಟ್ಟಿನಲ್ಲಿ ಒತ್ತಡ ವಿಪರೀತ ಏರಿಳಿಯುತ್ತದೆ. ಅಲ್ಲಿ ಥ್ರಾಟಲ್ ಸೆನ್ಸರ್ ಹಾಕಿ. ಕೋಷ್ಟಕಕ್ಕೆ ಅಂಕಿಗಳನ್ನು ಊಹಿಸಬೇಡಿ. ಕಾರಿನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ಪಟ್ಟಿ ಇರುತ್ತದೆ, ಅದನ್ನೇ ಮೊದಲು ತುಂಬಿ. ಪಟ್ಟಿ ಡಿಸ್ಟ್ರಿಬ್ಯೂಟರ್ ಡಿಗ್ರಿಯಲ್ಲಿದ್ದರೆ ಡಿಗ್ರಿ, ಆರ್‌ಪಿಎಂ ಎರಡನ್ನೂ ದುಪ್ಪಟ್ಟು ಮಾಡಿದರೆ ಕ್ರ್ಯಾಂಕಿನ ಲೆಕ್ಕ ಬರುತ್ತದೆ. ಐಡಲ್ ವೇಗಕ್ಕಿಂತ ಸ್ವಲ್ಪ ಕೆಳಗಿನ ಮನೆಯಲ್ಲಿ ಮೂರ್ನಾಲ್ಕು ಡಿಗ್ರಿ ಹೆಚ್ಚಿಡಿ. ಎಂಜಿನ್ ಕುಗ್ಗಿದಾಗ ತಾನೇ ಚೇತರಿಸಿಕೊಳ್ಳುತ್ತದೆ.

ಬಿಚ್ಚುವ ಮೊದಲು ನೋಡಬೇಕಾದ್ದು

ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ತಿರುಗುವುದು ಡಿಸ್ಟ್ರಿಬ್ಯೂಟರಿನ ಶಾಫ್ಟಿನಿಂದ. ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಹಾಗೆಯೇ. ಅಲ್ಲಿ ಡಿಸ್ಟ್ರಿಬ್ಯೂಟರ್ ಎತ್ತಿ ತೂತಿಗೆ ಮುಚ್ಚಳ ಹಾಕಿ ಎಂಜಿನ್ ಓಡಿಸಿದರೆ ಎಣ್ಣೆಯ ಒತ್ತಡ ಸೊನ್ನೆ. ಗಿಡ್ಡ ಮಾಡಿದ ಶಾಫ್ಟ್ ಅಲ್ಲೇ ಉಳಿಯಬೇಕು.

1960ರ ದಶಕದವರೆಗಿನ ಬಹಳಷ್ಟು ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುತ್ತದೆ. ಅವನ್ನು ಮೊದಲು ನೆಗೆಟಿವ್ ಅರ್ತಿಗೆ ತಿರುಗಿಸದೆ ಮಾಡ್ಯೂಲ್ ಮುಟ್ಟಬೇಡಿ. ಹಳೆಯ ಕಾಯಿಲ್‌ಗೆ ಹೋಗುವ ವೈರೇ ಕೆಲವು ಕಾರುಗಳಲ್ಲಿ ಕಾಯಿಲಿನ ಕರೆಂಟ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಕೂಡ ಆಗಿರುತ್ತದೆ. ಪ್ಯಾಕಿಗೆ ಬೇಕಾದ್ದು ಪೂರ್ತಿ 12 ವೋಲ್ಟ್, ಫ್ಯೂಸ್ ಮತ್ತು ರಿಲೇ ಮೂಲಕ. ಹಳೆಯ ವೈರನ್ನು ರಿಲೇ ಎಬ್ಬಿಸಲು ಮಾತ್ರ ಬಳಸಿ.

ಟ್ಯಾಕೋಮೀಟರ್ ಸತ್ತುಹೋಗುತ್ತದೆ, ಇದನ್ನು ಬಹಳ ಜನ ಕೊನೆಗೆ ಗಮನಿಸುತ್ತಾರೆ. ಕಾಯಿಲ್ ನೆಗೆಟಿವ್‌ನಿಂದ ಎಣಿಸುವ ಟ್ಯಾಕೋಗೆ ಇಸಿಯು ಅಥವಾ ಮಾಡ್ಯೂಲಿನ ಟ್ಯಾಕೋ ಔಟ್‌ಪುಟ್ ಕೊಡಬಹುದು. ಸ್ಮಿತ್ಸ್ ಆರ್‌ವಿಐ ತರಹದವು ಮಾತ್ರ ಬೇರೆ: ಇಗ್ನಿಷನ್ ವೈರಿನಲ್ಲಿ ಹರಿಯುವ ಕರೆಂಟನ್ನೇ ಅವು ಎಣಿಸುತ್ತವೆ, ಒಳಗಿನ ಸರ್ಕ್ಯೂಟ್ ಬದಲಾಯಿಸಬೇಕು.

ರೆಸಿಸ್ಟರ್ ಪ್ಲಗ್, ಸಪ್ರೆಸ್ಡ್ ಲೀಡ್ ಕಡ್ಡಾಯ. ತಾಮ್ರದ ಲೀಡಿನ ಸದ್ದಿಗೆ ಇಸಿಯು ದಾರಿ ತಪ್ಪುತ್ತದೆ. ಪ್ಲಗ್ ಗ್ಯಾಪ್ ಪಾಯಿಂಟ್ ಕಾಲದ 0.6 ಮಿ.ಮೀ.ನಿಂದ 0.9ಕ್ಕೆ ಏರಿಸಬಹುದು; ಬೂಸ್ಟ್ ಇದ್ದರೆ ಏರಿಸಬೇಡಿ.

ನನ್ನ ಆಯ್ಕೆ

ಕಾರ್ಬುರೇಟರ್ ಇರುವ ನಾಲ್ಕು ಅಥವಾ ಆರು ಸಿಲಿಂಡರಿನ ರಸ್ತೆ ಕಾರಿಗೆ, ಡಿಸ್ಟ್ರಿಬ್ಯೂಟರ್ ನಿಜಕ್ಕೂ ಕೈಕೊಟ್ಟಿದ್ದರೆ, ಎಡಿಸ್ ಪೂರ್ತಿ ಸೆಟ್. ಇಂಜೆಕ್ಷನ್ ಬರಲಿದೆ ಎಂದಾದರೆ ಇಸಿಯು ಮತ್ತು ಬರೀ ಪ್ಯಾಕ್. ಬೂಸ್ಟ್ ಇದ್ದರೆ, ಹೆಚ್ಚು ತಿರುಗುವ ವಿ8 ಆದರೆ ಎಲ್‌ಎಸ್ ಕಾಯಿಲ್. ಅಪರೂಪದ ಕಾರಾದರೆ ಬ್ಲಾಕಿನಲ್ಲಾಗಲಿ ಮೂಲ ಪುಲಿಯಲ್ಲಾಗಲಿ ಹೊಸ ತೂತು ಕೊರೆಯದೆ ಇದ್ದ ಬೋಲ್ಟುಗಳಿಗೇ ಎಲ್ಲವನ್ನೂ ಕಟ್ಟಿ. ಮುಂದೆ ಆ ಕಾರನ್ನು ನೋಡಿಕೊಳ್ಳುವವರು ಅದನ್ನು ಮೊದಲಿನಂತೆ ಮಾಡಬೇಕೆಂದರೆ ಒಂದು ಮಧ್ಯಾಹ್ನದಲ್ಲಿ ಆಗಬೇಕು. ತೆಗೆದ ಡಿಸ್ಟ್ರಿಬ್ಯೂಟರನ್ನು ಎಣ್ಣೆ ಸವರಿ ಕಾರಿನ ಜೊತೆಗೇ ಇಡಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ

ನಾಲ್ಕೂ ಪ್ಲಗ್ ಬಿಚ್ಚಿ, ಲೀಡಿಗೆ ಹಾಕಿ, ಪ್ರತಿ ಪ್ಲಗ್ಗಿನ ಮೈಯನ್ನೂ ಬ್ಲಾಕಿಗೆ ಗಟ್ಟಿಯಾಗಿ ತಾಗಿಸಿ. ಪ್ಲಗ್ ರಂಧ್ರಗಳಿಂದ ಪೆಟ್ರೋಲ್ ಆವಿ ಬರುತ್ತದೆ, ಆದ್ದರಿಂದ ಅವುಗಳ ಬಾಯಿಯಿಂದ ದೂರವಿರಲಿ. ಸ್ಟಾರ್ಟರಿನಲ್ಲಿ ತಿರುಗಿಸಿ ಸ್ಟ್ರೋಬ್ ಹಿಡಿಯಿರಿ. ಎಡಿಸ್ ಆದರೆ ಅಡ್ವಾನ್ಸ್ ಸಿಗ್ನಲಿನ ವೈರ್ ಬಿಚ್ಚಿಡಿ, ಗುರುತು 10 ಡಿಗ್ರಿಯಲ್ಲಿ ನಿಲ್ಲಬೇಕು. ಇಸಿಯು ಆದರೆ ಅಡ್ವಾನ್ಸನ್ನು 10 ಡಿಗ್ರಿಗೆ ಲಾಕ್ ಮಾಡಿ. ಎಂಜಿನ್ ಹೊತ್ತಿಕೊಂಡ ಮೇಲೆ ಹಾಗೇ ಲಾಕ್ ಇಟ್ಟು 3000ದವರೆಗೆ ಏರಿಸಿ. ಗುರುತು ಕದಲಬಾರದು. ವೇಗ ಏರಿದಂತೆ ಅದು ಸರಿದರೆ ಮೊದಲು ಅನುಮಾನಿಸಬೇಕಾದ್ದು ಮ್ಯಾಗ್ನೆಟಿಕ್ ಸೆನ್ಸರಿನ ಎರಡು ವೈರ್ ಅದಲುಬದಲಾಗಿರುವುದನ್ನು. ಅದು ಸರಿಯಾಗುವವರೆಗೆ ಅಡ್ವಾನ್ಸ್ ಕೋಷ್ಟಕ ಚಾಲೂ ಮಾಡಬೇಡಿ.

ಅಡ್ವಾನ್ಸ್ ಡಯಲ್ ಇರುವ ಸ್ಟ್ರೋಬ್ ಲೈಟ್ ಜೋಡಿ ಕಿಡಿಯಲ್ಲಿ ಮೋಸ ಮಾಡುತ್ತದೆ. ಎರಡು ಸುತ್ತಿಗೆ ಒಂದು ಕಿಡಿ ಎಂದು ಅದು ಲೆಕ್ಕ ಹಾಕಿರುತ್ತದೆ, ಇಲ್ಲಿ ಸುತ್ತಿಗೊಂದು ಬರುತ್ತದೆ, ಹಾಗಾಗಿ ಬಹಳಷ್ಟು ಲೈಟುಗಳು ದುಪ್ಪಟ್ಟು ತೋರಿಸುತ್ತವೆ. ಡಯಲನ್ನು ಸೊನ್ನೆಯಲ್ಲಿಟ್ಟು, ಪುಲಿಯ ಅಂಚಿನ ಮೇಲೆಯೇ ಡಿಗ್ರಿ ಗುರುತು ಹಾಕಿಕೊಳ್ಳಿ. 150 ಮಿ.ಮೀ. ಅಡ್ಡಳತೆಯ ಪುಲಿಯಾದರೆ ಪ್ರತಿ 10 ಡಿಗ್ರಿಗೆ ಅಂಚಿನಲ್ಲಿ 13 ಮಿ.ಮೀ. ಟೇಪ್ ಸುತ್ತಿ ಅಳೆದು, ಬಿಳಿ ಬಣ್ಣದಲ್ಲಿ 10, 20, 30 ಎಂದು ಬರೆದುಕೊಂಡರೆ ಯಾವ ಲೈಟ್ ಹಿಡಿದರೂ ಸರಿಯಾದ ಅಂಕಿ ಕಾಣುತ್ತದೆ.